ನೂರೆಂಟು ಮನೆಯ ಹೊರಬೀಡು

ಒಳಗಿರುವವರು ಹೇಗೆ ಬದುಕುತ್ತಿದ್ದಾರೆ ಎನ್ನುವುದು ಮನೆಯ ಗೋಡೆಗೇ ತಿಳಿಯುವಂತಾದರೆ? ಹೀಗೊಂದು ಯೋಚನೆ ಎಲ್ಲೋ ದೂರದ ಪ್ರಯೋಗಶಾಲೆಯಲ್ಲಿ ಯಾರಿಗೋ ಹೊಳೆದದ್ದರಿಂದ, ಕೋಡಿಹಟ್ಟಿಯ ನೂರೆಂಟು ಬಾಡಿಗೆ ಮನೆಗಳಿಗೆ ಬೂದುಬಣ್ಣದ ಹೊಸ ಗಾರೆ ಬಂತು. ಅದನ್ನು ಮೆತ್ತಿದವರಲ್ಲಿ ಕರಿಬಸಮ್ಮನೂ ಒಬ್ಬಳು. ಬಾಣಲಿ ಹೊತ್ತು ಏಣಿ ಹತ್ತುವಾಗ, ಸಿಮೆಂಟಿಗಿಂತ ಇದು ಹಗುರವಾಗಿದೆಯಲ್ಲ, ಕುತ್ತಿಗೆಗೆ ಒಳ್ಳೆಯದೇ ಆಯಿತು ಎಂದುಕೊಂಡಳೇ ಹೊರತು ಅದರ ಬಗ್ಗೆ ಅವಳು ಮತ್ತೇನೂ ಯೋಚಿಸಲಿಲ್ಲ.

ಆ ಗಾರೆಯಲ್ಲಿ ಸಾಸಿವೆಗಿಂತ ಸಣ್ಣ ಕಾಳುಗಳಿದ್ದವು. ತೇವ ತಾಗಿದರೆ, ಬಿಸಿ ತಾಗಿದರೆ, ಗೋಡೆ ಅದುರಿದರೆ ಅವುಗಳಲ್ಲಿ ಹರಿಯುವ ಕರೆಂಟು ಕೂದಲೆಳೆಯಷ್ಟು ಏರುಪೇರಾಗುತ್ತಿತ್ತು. ಆ ಏರುಪೇರು ತಂತಿಯಲ್ಲಿ ಹರಿದು ಊರಾಚೆಯ ಕೇಂದ್ರ ಸೇರಿ, ಅಲ್ಲಿ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಮನೆಯೊಳಗೆ ಉಸಿರಿದೆಯೋ ಇಲ್ಲವೋ ಎನ್ನುವುದು ಸಹ ಆ ಗೆರೆಯಲ್ಲಿ ಕಾಣುತ್ತಿತ್ತು. ಮನೆ ಎಷ್ಟು ಸವೆಯಿತು ಎನ್ನುವುದಕ್ಕೆ ತಿಂಗಳಿಗೊಂದು ಅಂಕ. ಅಂಕ ಏರಿದರೆ ಬಾಡಿಗೆ ಏರಿತು. ಎರಡು ತಿಂಗಳು ಎಂಬತ್ತರ ಮೇಲೆ ನಿಂತರೆ ಮನೆ ಬಿಡಬೇಕು. ಕಂಪನಿ ಇದಕ್ಕೆ ಅರಿಗಾರೆ ಎಂದು ಹೆಸರಿಟ್ಟಿತ್ತು. ಬಾಡಿಗೆಗಿದ್ದ ಜನ ಕಿವಿಗಾರೆ ಎಂದರು.

ಜನ ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ಇದಕ್ಕೂ ಹೊಂದಿಕೊಂಡರು. ಒರಳುಗಳು ಹೊರಗೆ ಬಂದವು. ಮಕ್ಕಳು ಹಿಮ್ಮಡಿ ಎತ್ತಿ ನಡೆಯುವುದನ್ನು ಕಲಿತವು. ಮುದ್ದೆ ತಿರುವುವಾಗ ಒಬ್ಬರು ಕೋಲು ಹಿಡಿದರೆ ಇನ್ನೊಬ್ಬರು ಮೊರ ಹಿಡಿದು ಉಗಿಯನ್ನು ಕಿಟಕಿಯಾಚೆ ಬೀಸಿದರು. ಗಂಡಹೆಂಡಿರು ಜಗಳವಾಡಬೇಕೆನಿಸಿದರೆ ಕೆರೆಯ ಏರಿಯವರೆಗೆ ನಡೆದು ಹೋಗಿ, ಅಲ್ಲಿ ಮನಸಾರೆ ಬೈದಾಡಿ, ಸುಸ್ತಾಗಿ ವಾಪಸು ಬರುತ್ತಿದ್ದರು.

ಕರಿಬಸಮ್ಮನ ಮೊಣಕಾಲು ಏಣಿ ಹತ್ತಲು ಒಲ್ಲೆ ಎಂದ ಮೇಲೆ ಕಂಪನಿಯವರೇ ಅವಳನ್ನು ಕೇಂದ್ರಕ್ಕೆ ಕರೆದುಕೊಂಡರು. ಗೆರೆ ಎದ್ದದ್ದು ಯಂತ್ರಕ್ಕೆ ತಿಳಿಯುತ್ತಿತ್ತು, ಯಾತಕ್ಕೆ ಎದ್ದಿತು ಎಂದು ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷ ಗೋಡೆಯ ಜೊತೆ ಬದುಕಿದವಳಿಗೆ ತಿಳಿಯುತ್ತಿತ್ತು. ಇದು ಸೋರುವ ಕೊಳಾಯಿ, ಇದು ಹುಡುಗರ ಚೆಂಡು, ಇದು ಕೆಮ್ಮು. ಈಗ ಅವಳಿಗೆ ಐವತ್ತೆರಡು. ಹಗಲು ಗೆರೆ ಓದುವುದು. ಸಂಜೆ ಬಾಡಿಗೆದಾರರ ಸಂಘದ ಅರ್ಜಿ ಬರೆಯುವುದು. ಅವಳೂ ಆ ನೂರೆಂಟರಲ್ಲಿ ಒಂದು ಮನೆಯ ಬಾಡಿಗೆದಾರಳೇ. ಒಂಟಿ ಹೆಂಗಸು, ನಲವತ್ತನೆಯ ನಂಬರು.

ಅರವತ್ತೊಂದನೆಯ ನಂಬರಿನ ಗೆರೆ ದಿನಾ ಬೆಳಿಗ್ಗೆ ಏಳಕ್ಕೆ ಗುಡ್ಡದಂತೆ ಎದ್ದು ಹತ್ತರವರೆಗೂ ಇಳಿಯದಿದ್ದಾಗ ಅವಳು ಮೊದಲ ದಿನವೇ ಗುರುತು ಹಿಡಿದಳು. ಅಲ್ಲಿ ಪವಿತ್ರ ಎಂಬ ಹುಡುಗಿ ಹೆತ್ತಿದ್ದಳು. ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಮಂಚದ ಕೆಳಗೆ ಕೆಂಡ. ಗಂಡ ಸೋಲಾರ್ ಪ್ಲೇಟ್ ತೊಳೆಯುವ ಕೆಲಸಕ್ಕೆಂದು ರಾಜಸ್ಥಾನದ ಕಡೆ ಹೋದವನು ಇನ್ನೂ ಬಂದಿರಲಿಲ್ಲ.

ಎರಡನೆಯ ತಿಂಗಳ ಕೊನೆಗೆ ಕೇಂದ್ರದ ಮ್ಯಾನೇಜರ್ ನಟೇಶ್ ಅವಳ ಮೇಜಿನ ಹತ್ತಿರ ಬಂದು ನಿಂತ. ಕೆಟ್ಟವನಲ್ಲ. ಎದೆಯುರಿ, ನಿದ್ದೆಗೇಡು ಎರಡೂ ಇದ್ದ ಮನುಷ್ಯ.

"ಅರವತ್ತೊಂದು ಎಂಬತ್ತಾರಕ್ಕೆ ನಿಂತಿದೆ, ಕರಿಬಸಮ್ಮ. ನೋಟಿಸಿಗೆ ಹೆಬ್ಬೆಟ್ಟು ಒತ್ತಿ."

"ಅದು ಬಾಣಂತಿ ನೀರು ಸಾರ್. ಇನ್ನೆರಡು ತಿಂಗಳು ಕಳದ್ರೆ ತಾನೇ ಇಳೀತೈತೆ."

"ನನಗೆ ಗೊತ್ತು. ನಿಮಗೂ ಗೊತ್ತು. ಇದರಲ್ಲಿ ಬಾಣಂತಿ ಅಂತ ಕಾಲಂ ಇಲ್ಲವಲ್ಲ."

"ಹಾಕ್ಸಿ ಅಂತಾನೇ ಮೂರು ವರ್ಸದಿಂದ ಅರ್ಜಿ ಕೊಡ್ತಿರೋದು."

"ಅರ್ಜಿ ಪುರಸಭೆಗೆ ಕೊಟ್ಟಿದ್ದೀರಿ. ನೋಟಿಸು ನನ್ನ ಟೇಬಲ್ ಮೇಲಿದೆ."

ಗೆರೆ ಓದಿದವರ ಬೆರಳು ಬೀಳದೆ ನೋಟಿಸು ಹೊರಡುವಂತಿರಲಿಲ್ಲ. ಅವಳು ಒತ್ತದಿದ್ದರೆ ಪಕ್ಕದ ಮೇಜಿನವರು ಒತ್ತುತ್ತಿದ್ದರು. ಹಾಗೆ ಅಂದುಕೊಂಡೇ ಒತ್ತಿದಳು. ಪವಿತ್ರಳಿಗೆ ಹದಿನೈದು ದಿನದ ಗಡುವು ಸಿಕ್ಕಿತು. ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲು ಕರಿಬಸಮ್ಮನಿಗೆ ಮನಸ್ಸಾಗಲಿಲ್ಲ.

ಸಂಘದ ಸಭೆ ನೀರಿನ ಟ್ಯಾಂಕಿನ ಬುಡದಲ್ಲಿ ನಡೆಯುತ್ತಿತ್ತು. ಶುರುವಿನ ವರ್ಷ ಮನೆಗೊಬ್ಬರು ಬಂದಿದ್ದರು. ಆಮೇಲೆ ಅರ್ಧ ಆಯಿತು. ಈಗ ಒಂಬತ್ತೋ ಹತ್ತೋ ಜನ. ಅವರೂ ಒಬ್ಬರ ಮುಖ ಒಬ್ಬರು ನೋಡಿ, ಆಕಳಿಸಿ, ಕೊಡ ತುಂಬಿಕೊಂಡು ಹೋಗುವವರು. ಕೇಳುತ್ತಿದ್ದದ್ದು ದೊಡ್ಡದೇನೂ ಅಲ್ಲ: ಹೆರಿಗೆ, ಕಾಯಿಲೆ, ಸಾವು, ಈ ಮೂರರ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಪುರಸಭೆ ಒಂದು ಠರಾವು ಮಾಡಬೇಕು. ಅಷ್ಟೇ.

ಕರಿಬಸಮ್ಮ ನೋಟಿಸಿನ ಸುದ್ದಿ ಹೇಳಿದಳು. ತನ್ನ ಬೆರಳೇ ಬಿದ್ದದ್ದನ್ನೂ ಹೇಳಿದಳು.

"ಒಳ್ಳೆ ಸೆಕ್ರೆಟ್ರಿ ಸಿಕ್ಕಿದೀಯ ಕಣವ್ವ ನಮಗೆ," ಅಂದಳು ಹನುಮಕ್ಕ. ಇವಳು ಗಾಣದ ಮಿಲ್ಲಿನಲ್ಲಿ ಹಿಂಡಿ ತುಂಬುವವಳು, ಕರಿಬಸಮ್ಮನ ಪಕ್ಕದ ಮನೆಯವಳು. "ಹಗಲೊತ್ತು ಮನೆ ಬಿಡಿಸ್ತೀಯ, ಸಾಯಂಕಾಲ ಮನೆ ಉಳಿಸ್ತೀಯ. ಮೂರು ವರ್ಸ ಕೊಟ್ಟ ಅರ್ಜಿ ಕಾಗದ ಎಲ್ಲಾ ಮೆತ್ತಿ ಗೋಡೆ ಕಟ್ಟಿದ್ರೆ ಇಷ್ಟೊತ್ತಿಗೆ ನಾವೇ ಓನರ್ ಆಗಿರ್ತಿದ್ವಿ."

ನಗು ಬಂತು, ಬಂದಷ್ಟೇ ಬೇಗ ಹೋಯಿತು.

ಆಗ ಪಾಲಯ್ಯ ಮಾತಾಡಿದ. ಎಪ್ಪತ್ತು ದಾಟಿದ ಮುದುಕ. ಕುರಿ ಮಾರಿ ಹಟ್ಟಿ ಬಿಟ್ಟು ಬಂದು ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದವನು. "ನಮ್ಮ ಹಟ್ಟ್ಯಾಗೆ ಜಡ್ಡು ಬಂದು ಯಾವ ಮದ್ದೂ ನಾಟ್ದಿದ್ರೆ ಏನ್ ಮಾಡ್ತಿದ್ವಿ ಗೊತ್ತೇನಮ್ಮ? ಹೊರಬೀಡು."

ಹೊರಬೀಡು ಎಂದರೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಚಿಕ್ಕಂದಿನಲ್ಲಿ ಒಂದಲ್ಲ ಒಂದು ಸಲ ಮಾಡಿದವರೇ. ಊರಿಗೆ ಊರೇ ಬೆಳಗಾಗುವ ಮುಂಚೆ ಒಲೆಯಾರಿಸಿ, ಬೀಗ ಹಾಕಿ, ದನಕರು ನಾಯಿ ಕೋಳಿ ಎಲ್ಲ ಕಟ್ಟಿಕೊಂಡು ಬಯಲಿಗೆ ಹೋಗುವುದು. ಊರಲ್ಲಿ ಒಂದು ಜೀವವೂ ಉಳಿಯಬಾರದು, ಒಂದು ಕಿಡಿಯೂ ಉಳಿಯಬಾರದು. ದಿನವಿಡೀ ಬಯಲಲ್ಲೇ ಅಡುಗೆ, ಊಟ. ಬಂದ ಪೀಡೆ ಖಾಲಿ ಊರಲ್ಲಿ ಸುತ್ತಿ, ಯಾರೂ ಸಿಗದೆ, ಬೇಜಾರಾಗಿ ಹೊರಟು ಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಜನ ಮನೆಗೆ.

"ಪುರಸಭೆ ಮೀಟಿಂಗ್ ಇರೋ ದಿನ ಮಾಡಾನ," ಅಂದ ಪಾಲಯ್ಯ. "ಕೂಗೋದು ಬ್ಯಾಡ, ಬಾವುಟ ಬ್ಯಾಡ. ನಾವಿಲ್ದಿದ್ರೆ ಈ ಮನೆಗಳು ಹೆಂಗೆ ಕಾಣ್ತವೆ ಅಂತ ಬಂದು ನೋಡ್ಲಿ."

ಎಲ್ಲರೂ ಕರಿಬಸಮ್ಮನ ಕಡೆ ತಿರುಗಿದರು. ಯಂತ್ರ ಏನನ್ನುತ್ತದೆ ಎಂದು ಬಲ್ಲವಳು ಅವಳೊಬ್ಬಳೇ.

"ಇಪ್ಪತ್ನಾಕು ಗಂಟೆ ಮನ್ಯಾಗೆ ಉಸ್ರು ಕಾಣ್ದಿದ್ರೆ ನಮ್ಮನ್ನ ಕೇಳ್ತೈತೆ, ಹೋಗಿ ನೋಡಿ ಬರ್ರಿ ಅಂತ. ನಾವು ಸಂಜಿಗೇ ಬಂದ್ಬಿಡ್ತೀವಲ್ಲ. ಏನೂ ಆಗಲ್ಲ," ಅಂದಳು.

ಅರ್ಜಿ ಎಂದರೆ ಮುಖ ತಿರುಗಿಸುತ್ತಿದ್ದವರು ಹೊರಬೀಡು ಎಂದರೆ ಕಿವಿಗೊಟ್ಟರು. ಪುರಸಭೆಯ ಸಭೆಯಿದ್ದ ಮಂಗಳವಾರ ನೂರೆಂಟು ಮನೆಯೂ ಎದ್ದಿತು. ಕೋಳಿಗಳು ಬುಟ್ಟಿ ಸೇರಿದವು. ಹೆಂಗಸರು ಕಸ ಗುಡಿಸಿ, ನೆಲ ಒರೆಸಿ, ಒಲೆ ಆರಿಸಿದರು. ಪಾಲಯ್ಯ ಬೀದಿಯಲ್ಲಿ ಕೋಲು ಕುಟ್ಟುತ್ತಾ ಬಂದ.

"ಮೇನ್ ಸ್ವಿಚ್ಚೂ ಆರಿಸ್ರಪ್ಪಾ. ಕರೆಂಟೂ ಬೆಂಕೀನೇ."

"ಫ್ರಿಜ್ಜಿನಾಗೆ ಹಾಲೈತೆ ತಾತ," ಎಂದಳು ಯಾರೋ.

"ಹಾಲು ಕುಡ್ಕಂಡು ಬಾ."

ಹೌದಲ್ಲ, ಅದೂ ಬೆಂಕಿಯೇ, ಎಂದು ಎಲ್ಲರಿಗೂ ಸರಿಯೆನಿಸಿತು. ಕರಿಬಸಮ್ಮನಿಗೂ ಸರಿಯೆನಿಸಿತು. ಅವಳೂ ತನ್ನ ಮನೆಯ ಸ್ವಿಚ್ಚು ಕೆಳಗೆ ಎಳೆದು, ಬಾಗಿಲು ಹಾಕಿದಳು. ಆಗ ಬೆಳಗಿನ ಐದೂವರೆ.

ಕೆರೆಯಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಎಷ್ಟೋ ವರ್ಷದ ಮೇಲೆ ಹೆಂಗಸರು ಬೀಸದೆ, ಹೆದರದೆ ಮುದ್ದೆ ತಿರುವಿದರು. ಮಕ್ಕಳು ಸದ್ದು ಮಾಡಿ ಓಡಿದವು. ಮಧ್ಯಾಹ್ನ ವಾರ್ಡಿನ ಸದಸ್ಯರು ಬಂದು, ಪವಿತ್ರಳ ಕೂಸನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. "ವಿಷಯ ಸಭೆಯ ಗಮನಕ್ಕೆ ಬಂದಿದೆ. ಮುಂದಿನ ಸಭೇಲಿ ಖಂಡಿತ," ಅಂದರು. ಇದೂ ಅರ್ಜಿಯ ದಾರಿಯನ್ನೇ ಹಿಡಿಯಿತು ಎಂದುಕೊಂಡಳು ಕರಿಬಸಮ್ಮ. ಆದರೂ ಜನ ಖುಷಿಯಾಗಿದ್ದರು. ಖುಷಿಯಾಗಿದ್ದವರನ್ನು ಕಂಡು ಅವಳೂ ತಟ್ಟೆ ಹಿಡಿದು ಕೂತಳು.

ಹೊತ್ತು ಮುಳುಗಿದಾಗ ಎಲ್ಲರೂ ಮನೆಗೆ ನಡೆದರು. ಮೊದಲ ಸಾಲಿನವರು ಬಾಗಿಲಿನ ಬೆರಳಚ್ಚು ಬೀಗಕ್ಕೆ ಬೆರಳಿಟ್ಟರು. ತೆರೆಯಲಿಲ್ಲ. ಒರೆಸಿಕೊಂಡು ಮತ್ತೆ ಇಟ್ಟರು. ಎರಡನೆಯ ಸಾಲಿನವರು ಇಟ್ಟರು. ಬೀಗದ ಮೇಲಿನ ಸಣ್ಣ ಪಟ್ಟಿಯಲ್ಲಿ ಎಲ್ಲ ಮನೆಗೂ ಒಂದೇ ಸಾಲು ಬಂದಿತ್ತು: ಮನೆ ಒಪ್ಪಿಸಲಾಗಿದೆ. ವಂದನೆಗಳು.

ಹೇಳದೆ ಕೇಳದೆ ಮನೆ ಬಿಟ್ಟು ಹೋಗುವವರಿಗೆಂದು ಕಂಪನಿ ಇನ್ನೊಂದು ನಿಯಮ ಹಾಕಿಟ್ಟಿತ್ತು. ಉಸಿರು ಇಲ್ಲ, ಮೇನ್ ಸ್ವಿಚ್ಚೂ ಇಲ್ಲ, ಹೀಗೆ ಹನ್ನೆರಡು ಗಂಟೆ ಕಳೆದರೆ ಬಾಡಿಗೆದಾರ ತಾನಾಗಿ ಮನೆ ಒಪ್ಪಿಸಿದ ಎಂದರ್ಥ. ಅದು ಬೀಗದ ವಿಭಾಗದ ನಿಯಮ. ಗೆರೆ ಓದುವವರ ಮೇಜಿಗೆ ಎಂದೂ ಬಂದದ್ದಲ್ಲ. ಸಂತೆಗೋ ಮದುವೆಗೋ ಹೋಗುವವರು ಯಾರೂ ಮೇನ್ ಆರಿಸುವುದಿಲ್ಲ. ಆರಿಸಿ, ಗುಡಿಸಿ, ಕೋಳಿ ಹಿಡಿದುಕೊಂಡು ಹೋಗುವವರು ಮನೆ ಬಿಡುವವರು ಮಾತ್ರ.

"ನಿನ್ನ ಇಪ್ಪತ್ನಾಕು ಗಂಟೆ ಎಲ್ಲಿಗೋತಮ್ಮ?" ಅಂದಳು ಹನುಮಕ್ಕ. ಕರಿಬಸಮ್ಮ ತನ್ನ ಬಾಗಿಲಿಗೆ ಇನ್ನೊಮ್ಮೆ ಬೆರಳಿಟ್ಟಳು. ಪಾಲಯ್ಯ ತನ್ನ ಕೋಲನ್ನೇ ನೋಡುತ್ತಾ ನಿಂತಿದ್ದ. ಬಾಣಂತಿಗೂ ಕೂಸಿಗೂ ಪಂಪ್‌ಹೌಸಿನಲ್ಲಿ ಜಾಗ ಮಾಡಿ, ಉಳಿದವರು ಕೆರೆಯಂಗಳಕ್ಕೆ ವಾಪಸಾಗಿ, ಸಿಕ್ಕಿದ್ದು ಹೊದ್ದು ಮಲಗಿದರು.

ಬೆಳಿಗ್ಗೆ ಕೇಂದ್ರದಲ್ಲಿ ಪರದೆಯ ತುಂಬ ನೂರೆಂಟು ಗೆರೆ, ನೂರೆಂಟೂ ನೇರ. ಕೇಂದ್ರಕ್ಕೆ ಬಂದ ಹನ್ನೆರಡು ವರ್ಷದಲ್ಲಿ ಅವಳು ಹಾಗೆ ಕಂಡದ್ದಿಲ್ಲ. ನಟೇಶ್‌ನ ಎರಡು ಫೋನೂ ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಮನೆಮಾಲೀಕರು, ಹೆಡ್ ಆಫೀಸಿನವರು, ಮತ್ತೆ ಮಾಲೀಕರು.

"ಏನು ಮಾಡಿಬಿಟ್ರಿ ಕರಿಬಸಮ್ಮ? ಸ್ವಿಚ್ ಆರಿಸೋಕೆ ಯಾರು ಹೇಳಿದ್ದು?"

"ನಮ್ಮೋರ ಪದ್ಧತಿ ಸಾರ್."

"ಪದ್ಧತಿ." ಅವನು ಹಣೆ ಒತ್ತಿಕೊಂಡ. "ನೋಡಿ. ಇಡೀ ಗುಂಪನ್ನ ತಪ್ಪಾಗಿ ಒಪ್ಪಿಸಿದ್ದು ಅಂತ ಒಂದೇ ಸಲಕ್ಕೆ ರದ್ದು ಮಾಡಬಹುದು. ಹೆಡ್ ಆಫೀಸು ಒಪ್ಪಿದೆ. ಆದರೆ ಗುಂಪಿನಲ್ಲಿ ಬಾಕಿ ನೋಟಿಸು ಯಾವುದೂ ಇರಬಾರದು. ಅರವತ್ತೊಂದಕ್ಕೆ ಮೊದಲೇ ನೋಟಿಸು ಹೋಗಿದೆ, ಅದು ವಾಪಸು ಬರೋಲ್ಲ. ನೋಟಿಸು ನಿಮ್ಮ ಬೆರಳಿಂದ ಹೋದದ್ದು, ಮುಗಿಸೋದೂ ನಿಮ್ಮ ಬೆರಳೇ. ಹೋಗಿ, ಮನೆ ನೋಡಿ, ಖಾಲಿ ಅಂತ ಒತ್ತಿ. ಒತ್ತಿದ ಐದು ನಿಮಿಷಕ್ಕೆ ನೂರೇಳು ಬಾಗಿಲು ತೆಗೀತವೆ."

ಅವನು ಡ್ರಾಯರಿನಿಂದ ತಪಾಸಣೆಯ ಕೀಲಿಯನ್ನೂ ಅಂಗೈಯಗಲದ ಯಂತ್ರವನ್ನೂ ತೆಗೆದು ಕೊಟ್ಟ. ಯಂತ್ರದಲ್ಲಿ ಎರಡೇ ಗುಂಡಿ. ಒಂದು ಖಾಲಿ, ಇನ್ನೊಂದು ವಾಸ.

"ವಾಸ ಅಂತ ಒತ್ತಿದ್ರೆ?"

"ಖಾಲಿ ಮನೆಗೆ ವಾಸ ಅಂತ ಹೇಗೆ ಒತ್ತುತ್ತೀರಿ? ಒಳಗೆ ಜನ ಇದ್ದರೆ ಮಾತು ಬೇರೆ. ಆಮೇಲೆ ಅವರನ್ನ ಎಬ್ಬಿಸೋಕೆ ಕೋರ್ಟಿಗೆ ಹೋಗಬೇಕು." ಅವನು ಅವಳನ್ನೊಮ್ಮೆ ನೋಡಿ, ಕಣ್ಣು ಬೇರೆ ಕಡೆ ಮಾಡಿದ. "ಹುಡುಗಿಗೆ ತವರು ಇದೆಯಂತಲ್ಲ."

ಕೀಲಿ ಹಿಡಿದು ಅವಳು ಕೆರೆಯಂಗಳಕ್ಕೆ ನಡೆದಳು. ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದುಕೊಂಡದ್ದರಿಂದ ಮೈಲಿಗಲ್ಲಿನ ಮೇಲೆ ಕೂತಳು. ಇಲ್ಲಿಂದಲೇ ಅರವತ್ತೊಂದಕ್ಕೆ ಹೋಗಿ, ಖಾಲಿ ಎಂದು ಒತ್ತಿ, ಸುಮ್ಮನೆ ಮನೆಗೆ ಹೋಗಿ ಮಲಗಿದರೆ ಯಾರೂ ಏನೂ ಅನ್ನಲಾರರು ಅನ್ನಿಸಿತು. ಪವಿತ್ರಳೂ ಅನ್ನಲಾರಳು. ಅದೇ ಅವಳನ್ನು ಎಬ್ಬಿಸಿತು.

ಜನರ ನಡುವೆ ನಿಂತು ನಟೇಶ್ ಹೇಳಿದ್ದನ್ನು ಇದ್ದ ಹಾಗೇ ಹೇಳಿದಳು. ಬಿಸಿಲೇರಿತ್ತು. ಕೆಲವರು ಆಗಲೇ ಪಾಳಿ ತಪ್ಪಿಸಿಕೊಂಡಿದ್ದರು. ಮಕ್ಕಳು ಸ್ಕೂಲು ತಪ್ಪಿಸಿಕೊಂಡಿದ್ದವು.

"ನೂರೇಳು ಮನೆ ಅಂದ್ರೆ ಸಣ್ಣ ಮಾತಲ್ಲ," ಅಂದ ಹಿಂದಿನಿಂದ ಒಬ್ಬ. ಅವನ ತಾಯಿಗೆ ದಮ್ಮು. ರಾತ್ರಿಯಿಡೀ ಕೂತೇ ಇದ್ದಳು. ಅವನನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಪವಿತ್ರ ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಸುತ್ತಿದ ಬಟ್ಟೆ ಜಾರಿ ಹೆಗಲಿಗೆ ಬಂದಿತ್ತು. "ಒತ್ತಕ್ಕ," ಅಂದಳು. "ನಮ್ಮ ಅಣ್ಣನ ಮನೆಗೆ ಹೋಗ್ತೀನಿ. ಅತ್ತಿಗೆ ನಾಕು ದಿನ ಸಿಡಿಮಿಡಿ ಅಂತಾಳೆ, ಆಮೇಲೆ ಸರಿ ಹೋಗ್ತಾಳೆ."

"ನಾಕು ದಿನ ಅಲ್ಲ, ನಾಕು ವರ್ಸ ಅಂತಾಳೆ," ಅಂದಳು ಹನುಮಕ್ಕ.

"ಕೈ ಎತ್ತಿಸ್ತೀನಿ," ಅಂದಳು ಕರಿಬಸಮ್ಮ. ಸಂಘದ ಕಟ್ಟಳೆ ಅದು. "ಖಾಲಿ ಅಂತ ಒತ್ತಲಿ ಅನ್ನೋರು ಎತ್ರಿ."

ಒಂದು ಕೈಯೂ ಏಳಲಿಲ್ಲ.

"ಒತ್ತೋದು ಬ್ಯಾಡ ಅನ್ನೋರು?"

ಆಗಲೂ ಏಳಲಿಲ್ಲ. ಯಾರಿಗೂ ಕೈಯೆತ್ತುವಷ್ಟು ಧೈರ್ಯವೂ ಇರಲಿಲ್ಲ, ಕೆಟ್ಟತನವೂ ಇರಲಿಲ್ಲ. ಪಾಲಯ್ಯ ಮಾತ್ರ ಕೂತಲ್ಲಿಂದಲೇ, ನೆಲ ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುವವನಂತೆ ಅಂದ: "ತಪ್ಪು ನಂದು. ಸ್ವಿಚ್ ಆರಿಸ್ರಿ ಅಂದೋನು ನಾನು. ಆದ್ರೂ ಒಂದು ಮಾತು. ಹೊರಬೀಡಿಗೆ ಬಂದ ಒಲೆಗಳಾಗೆ ಒಂದು ಮನೆ ಒಲೆ ಒಳೀಕ್ ಹೋಗ್ದೆ ಉಳುದ್ರೂ ಬೀಡು ಮುಗೀಲಿಲ್ಲ ಅಂತ ಲೆಕ್ಕ. ಪೀಡೆ ಊರಾಗೇ ಇರ್ತೈತೆ. ನಾಳೆ ಇನ್ನೊಬ್ರ ಮನೆ ಹಿಡೀತೈತೆ."

ಪಂಪ್‌ಹೌಸಿನೊಳಗೆ ಕೂಸು ಅಳಲು ಶುರುಮಾಡಿತು. ನಿಲ್ಲಿಸಲಿಲ್ಲ. ಹನುಮಕ್ಕ ಒಂದು ಗಳಿಗೆ ಕೇಳಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದು, ಒಳಗೆ ಹೋಗಿ, ಪವಿತ್ರಳ ಬಟ್ಟೆಗಂಟನ್ನು ತಲೆಯ ಮೇಲಿಟ್ಟುಕೊಂಡು ಬಂದಳು.

"ನಡಿ. ಕೂಸಿಗೆ ನೀರು ಹಾಕಿ ಎರಡು ದಿನ ಆತು. ಮೈಯೆಲ್ಲ ಬೆವರುಸಾಲೆ ಎದ್ದೈತೆ."

"ಎಲ್ಲಿಗಕ್ಕ?"

"ನಿನ್ನ ಮನೀಗೆ. ಕೀಲಿ ಇವಳ ಕೈಯಾಗೆ ಐತಲ್ಲ." ಕರಿಬಸಮ್ಮನ ಕಡೆ ತಿರುಗಿದಳು. "ಮನೆ ನೋಡ್ಕಂಡು ಬಾ ಅಂದ್ನಾ ಇಲ್ವಾ ನಿಮ್ಮ ಸಾಯೇಬ? ನೋಡು ನಡಿ. ಏನು ಕಾಣ್ತೈತೋ ಅದನ್ನೇ ಒತ್ತು."

ಹಿಂದೆ ದಮ್ಮಿನ ತಾಯಿಯ ಮಗ ಏನೋ ಹೇಳಲು ಬಾಯಿ ತೆರೆದ. ಅವನ ತಾಯಿ ಅವನ ಪಂಚೆಯ ಚುಂಗು ಹಿಡಿದು ಎಳೆದು ಕೂರಿಸಿದಳು. ಅವಳಿಗೆ ಮಾತಾಡುವಷ್ಟು ಉಸಿರು ಇರಲಿಲ್ಲ.

ಮೂವರೂ ನಡೆದರು. ಬೀದಿಯಲ್ಲಿ ನಾಯಿ ಇಲ್ಲ, ಕೋಳಿ ಇಲ್ಲ. ಅರವತ್ತೊಂದರ ಬಾಗಿಲಿಗೆ ಕರಿಬಸಮ್ಮ ಕೀಲಿ ತಿರುಗಿಸಿದಳು. ಪವಿತ್ರ ಹೊಸಿಲ ಬಳಿ ತಡೆದು, ಒಮ್ಮೆ ಹಿಂದಕ್ಕೆ ನೋಡಿ, ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಹನುಮಕ್ಕ ಗಂಟು ಇಳಿಸಿ ಮೇನ್ ಸ್ವಿಚ್ಚು ಮೇಲೆ ಮಾಡಿದಳು. ಸ್ವಲ್ಪ ಹೊತ್ತಿಗೆ ಹಂಡೆಗೆ ನೀರು ಬೀಳುವ ಸದ್ದು ಬಂತು. ಕರಿಬಸಮ್ಮ ಹೊರಗೇ ನಿಂತು ಒಳಗೆ ನೋಡಿದಳು. ಕಾಣಬೇಕಾದದ್ದೆಲ್ಲ ಕಂಡಿತು. ವಾಸ ಎಂಬ ಗುಂಡಿ ಒತ್ತಿದಳು.

ಫೋನು ಬರಲು ತಡವಾಗಲಿಲ್ಲ.

"ಕರಿಬಸಮ್ಮ, ಇದೇನಿದು?"

"ಕಂಡದ್ದು ಒತ್ತಿದೆ ಸಾರ್. ಜನ ಇದಾರೆ."

"ಗುಂಪು ರದ್ದಾಗೋಲ್ಲ ಇನ್ನು," ಅಂದ ನಟೇಶ್. "ನೂರೇಳು ಮನೇನೂ ಒಂದೊಂದಾಗಿ ತಪಾಸಣೆ ಆಗಬೇಕು, ಬೇರೆ ಊರಿಂದ ಜನ ಬರಬೇಕು. ಒಂದು ವಾರ ಹಿಡೀತದೆ. ಅಷ್ಟರೊಳಗೆ ಪುರಸಭೆಯಿಂದ ಠರಾವು ಗಿರಾವು ಏನಾದರೂ ಬಂದರೆ ಬೇರೆ ಮಾತು; ನನ್ನ ಕೈಲಿಲ್ಲ. ನಾಳೆಯಿಂದ ನೀವು ಬರೋದು ಬೇಡ. ಕೀಲಿ ಯಾರ ಕೈಲಾದರೂ ಕಳಿಸಿ." ಫೋನಿಡುವ ಮುಂಚೆ ಕೇಳಿದ: "ಕೂಸು ಹುಷಾರಾಗಿದೆಯಾ?"

"ಹುಷಾರೈತೆ ಸಾರ್."

ಕೆರೆಯಂಗಳಕ್ಕೆ ವಾಪಸು ಬಂದಾಗ ಮಧ್ಯಾಹ್ನವಾಗಿತ್ತು. ಯಾರೂ ಕದಲಿರಲಿಲ್ಲ. ಒಂದು ವಾರ ಎಂದೂ, ಅಷ್ಟರೊಳಗೆ ಪುರಸಭೆಯ ಠರಾವು ಬಂದರೆ ಬೇರೆ ಮಾತು ಎಂದೂ ಹೇಳಿದಳು. ತನ್ನ ಕೆಲಸ ಹೋದದ್ದನ್ನು ಹೇಳಲಿಲ್ಲ, ಹನುಮಕ್ಕ ಹೇಳಿದಳು.

"ವಾರ ಅಂದ್ರೆ ಏಳು ದಿನದ ವಾರಾನಾ, ಪುರಸಭೆ ವಾರಾನಾ?" ಎಂದು ದಮ್ಮಿನ ತಾಯಿಯ ಮಗ ಕೇಳಿದ. ಸಿಟ್ಟಿನಲ್ಲೇ ಕೇಳಿದ. ಆದರೂ ಒಂದಿಬ್ಬರು ನಕ್ಕರು.

ಪಾಲಯ್ಯ ತನ್ನ ಗೋಣಿತಾಟನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. "ಕೂತ್ಕಳಮ್ಮ."

ಕರಿಬಸಮ್ಮ ಕಾಲು ನೀಡಿ ಕೂತಳು. ತಲೆಯೆತ್ತಿ ನೋಡಿದಾಗ, ಸಂಘ ಶುರುವಾದ ಮೇಲೆ ಒಂದೇ ಕಡೆ ಇಷ್ಟು ಜನ ಕೂತದ್ದನ್ನು ತಾನು ಕಂಡೇ ಇಲ್ಲ ಎನ್ನುವುದು ತಿಳಿಯಿತು. ಸಭೆಯೆಂದು ಯಾರೂ ಕರೆದಿರಲಿಲ್ಲ. ಎದ್ದು ಹೋಗೋಣವೆಂದರೆ ಯಾರಿಗೂ ಮನೆಯಿರಲಿಲ್ಲ.

"ಮತ್ತೆ?" ಅಂದಳು ಹನುಮಕ್ಕ. "ನಾಳೆ ಪುರಸಭೆ ಬಾಗಿಲಿಗೆ ಯಾರ್ಯಾರು?"

ಈ ಸಲ ಯಾರೂ ಕೈಯೆತ್ತಿರಿ ಎಂದು ಹೇಳಬೇಕಾಗಲಿಲ್ಲ. ದಮ್ಮಿನ ತಾಯಿ ಮೊದಲು ಎತ್ತಿದಳು. ಅವಳ ಮಗ ಅವಳ ಕೈಯನ್ನು ಕೆಳಗಿಳಿಸಿ, ತಾನು ಎತ್ತಿದ.